ಮಾಸ್‌ಗೆ ಹತ್ತಿರದ ಪಾಚಿ ಯಾವುದು: ಕಾರಾನಾ, ಸ್ಪೈರೋಗೈರಾನಾ?

ಪ್ರಶ್ನೆ: ನಾನು ಜೀವಶಾಸ್ತ್ರ ಪಾಠ ಮಾಡುತ್ತೇನೆ. ನೆಲದ ಗಿಡಗಳಿಗೆ ತೀರಾ ಹತ್ತಿರದ ಪಾಚಿ ಕಾರಾ ಎಂದೇ ಓದಿಕೊಂಡು ಬಂದಿದ್ದೇನೆ. ಈಚಿನ ಬರಹಗಳಲ್ಲಿ ಸ್ಪೈರೋಗೈರಾದ ಗುಂಪು ಅಂತಿದೆ. ಕಾರಾಕ್ಕೆ ಕಾಂಡದಂಥ ಭಾಗ ಇದೆ, ಗೆಣ್ಣುಗಳಿವೆ, ಅಂಡವನ್ನು ಸುತ್ತಿ ಕಾಪಾಡುವ ಕೋಶಗಳಿವೆ. ಸ್ಪೈರೋಗೈರಾ ಬರೀ ಎಳೆ, ಅದಕ್ಕೊಂದು ಕವಲೂ ಇಲ್ಲ. ಇದು ಹೇಗೆ ಸಾಧ್ಯ? ಪಾಚಿಯಿಂದ ಲಿವರ್‌ವರ್ಟ್, ಅದರಿಂದ ಮಾಸ್ (ಎರಡೂ ಒದ್ದೆ ಜಾಗದ, ಹೂವಿಲ್ಲದ ಪುಟ್ಟ ಗಿಡಗಳು), ಮಾಸ್‌ನಿಂದ ಜರಿಗಿಡ ಎಂಬ ಕ್ರಮವಾದರೂ ಸರಿಯಾ?

ಉತ್ತರ: ಮೊದಲು ತೀರ್ಪು ಹೇಳಿಬಿಡುತ್ತೇನೆ, ವಿವರಣೆ ಆಮೇಲೆ. ಇವತ್ತು ಕೈಯಲ್ಲಿರುವ ಸಾಕ್ಷ್ಯ ಸ್ಪೈರೋಗೈರಾದ ಗುಂಪಿನ ಕಡೆಗೇ ಇದೆ. ಕಾರಾ ಅದಕ್ಕಿಂತ ಒಂದು ಹೆಜ್ಜೆ ದೂರ. ನೀವು ಕೇಳಿದ ಎರಡನೇ ಕ್ರಮವೂ ಸರಿಯಲ್ಲ. ಎರಡೂ ಕಡೆ ನಮ್ಮನ್ನು ದಾರಿ ತಪ್ಪಿಸಿದ್ದು ಒಂದೇ ನಂಬಿಕೆ: ನೋಡಲು ಸರಳವಾಗಿದ್ದರೆ ಅದು ಹಳೆಯದು, ಜಟಿಲವಾಗಿದ್ದರೆ ಹೊಸದು ಅನ್ನುವುದು. ಈ ನಂಬಿಕೆ ಬಿಟ್ಟರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ.

ಹಸಿರು ಪಾಚಿ ಅನ್ನುವುದು ಒಂದೇ ಗುಂಪಲ್ಲ. ತುಂಬ ಹಿಂದೆಯೇ ಅದು ಎರಡು ದೊಡ್ಡ ಕವಲಾಗಿ ಒಡೆಯಿತು. ಒಂದು ಕ್ಲೋರೋಫೈಟ. ಕ್ಲ್ಯಾಮಿಡೋಮೊನಾಸ್, ವಾಲ್ವಾಕ್ಸ್, ಸಮುದ್ರದ ಉಲ್ವಾ ಎಲ್ಲಾ ಇಲ್ಲಿವೆ. ಇನ್ನೊಂದು ಸ್ಟ್ರೆಪ್ಟೋಫೈಟ. ಇದರಲ್ಲಿ ಮೀಸೋಸ್ಟಿಗ್ಮ, ಕ್ಲೋರೋಕೈಬಸ್, ಕ್ಲೆಬ್ಸಾರ್ಮಿಡಿಯಮ್, ಕಾರಾ, ಕೊಲಿಯೋಕೀಟೆ, ಸ್ಪೈರೋಗೈರಾ ಇವುಗಳ ಗುಂಪುಗಳಿವೆ. ಜೊತೆಗೆ ನೆಲದ ಮೇಲಿನ ಎಲ್ಲಾ ಗಿಡಗಳೂ ಇಲ್ಲೇ ಸೇರುತ್ತವೆ. 2020ರಲ್ಲಿ ಸಮುದ್ರದ ಕೆಲವು ಪಾಚಿಗಳನ್ನು ಬೇರ್ಪಡಿಸಿ ಮೂರನೇ ಒಂದು ಸಣ್ಣ ಕವಲನ್ನೂ ಗುರುತಿಸಿದ್ದಾರೆ. ನಿಮ್ಮ ಪ್ರಶ್ನೆಗೆ ಅದು ಬೇಕಾಗಿಲ್ಲ. ಬೇಕಾದ ಸಂಗತಿ ಇಷ್ಟು: ಸ್ಪೈರೋಗೈರಾಕ್ಕೆ ಉಲ್ವಾಗಿಂತ ಗುಲಾಬಿ ಗಿಡವೇ ಹತ್ತಿರ. ಇದನ್ನು ಮಕ್ಕಳಿಗೆ ಹೇಳಿ ನೋಡಿ, ಅರ್ಧ ಪಾಠ ಅಲ್ಲೇ ಆಗುತ್ತದೆ.

ಕಣ್ಣಿಗೆ ಕಾಣುವ ರೂಪ ನೋಡಿ ಈ ಎರಡು ಕವಲುಗಳನ್ನು ಯಾರೂ ಬೇರ್ಪಡಿಸಲು ಆಗುತ್ತಿರಲಿಲ್ಲ. ಎರಡರಲ್ಲೂ ಒಂಟಿ ಕೋಶದವು ಇವೆ, ಎಳೆಯಂಥವು ಇವೆ, ಕವಲೊಡೆದವೂ ಇವೆ. ಸುಳಿವು ಸಿಕ್ಕಿದ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ. 1960ರ ದಶಕದ ಕೊನೆಯಿಂದ ಜೆರೆಮಿ ಪಿಕೆಟ್-ಹೀಪ್ಸ್, ಆಮೇಲೆ ಕಾರ್ಲ್ ಮ್ಯಾಟಾಕ್ಸ್ ಮತ್ತು ಕೆನೆತ್ ಸ್ಟೀವರ್ಟ್, ಪಾಚಿಯ ಕೋಶ ಎರಡಾಗುವ ಗಳಿಗೆಯನ್ನು ಹತ್ತಿರದಿಂದ ನೋಡತೊಡಗಿದರು.

ಅವರು ಕಂಡದ್ದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಡೀ ಕಥೆ ನಿಂತಿರುವುದು ಇದರ ಮೇಲೆ. ಕ್ಲ್ಯಾಮಿಡೋಮೊನಾಸ್‌ನಲ್ಲಿ ಕೋಶಕೇಂದ್ರ ಎರಡಾದ ಕೂಡಲೇ, ಅವನ್ನು ಎಳೆದ ಸೂಕ್ಷ್ಮನಾಳಗಳ (ಪ್ರೋಟೀನಿನ ತೀರಾ ಸಣ್ಣ ಕೊಳವೆಗಳ) ಕದಿರು ಕುಸಿದುಬಿಡುತ್ತದೆ. ಎರಡು ಹೊಸ ಕೇಂದ್ರಗಳು ಹತ್ತಿರ ಹತ್ತಿರ ಬರುತ್ತವೆ. ಅವುಗಳ ನಡುವೆ ಹೊಸ ಸೂಕ್ಷ್ಮನಾಳಗಳು ಹುಟ್ಟಿ, ಕೋಶ ಒಡೆಯುವ ಗೆರೆಯ ಉದ್ದಕ್ಕೇ ಮಲಗುತ್ತವೆ. ಇದು ಫೈಕೋಪ್ಲಾಸ್ಟ್. ಕಾರಾದಲ್ಲಿ, ಕೊಲಿಯೋಕೀಟೆಯಲ್ಲಿ ಹೀಗಾಗುವುದಿಲ್ಲ. ಅಲ್ಲಿ ಕೇಂದ್ರಗಳು ದೂರದಲ್ಲೇ ಉಳಿಯುತ್ತವೆ. ನಾಳಗಳು ಗೋಡೆ ಬರಬೇಕಾದ ಜಾಗಕ್ಕೆ ಅಡ್ಡಡ್ಡ ನಿಲ್ಲುತ್ತವೆ. ಅವುಗಳ ಗುಂಟ ಸಣ್ಣ ಸಣ್ಣ ಚೀಲಗಳು ಗೋಡೆಯ ಸಾಮಾನು ಹೊತ್ತು ನಡುವಿಗೆ ಬರುತ್ತವೆ. ಹೊಸ ಗೋಡೆ ಮಧ್ಯದಲ್ಲಿ ಶುರುವಾಗಿ ಅಂಚಿನ ಕಡೆ ಬೆಳೆಯುತ್ತದೆ. ಇದು ಫ್ರಾಗ್ಮೋಪ್ಲಾಸ್ಟ್. ಈರುಳ್ಳಿ ಬೇರಿನ ತುದಿಯಲ್ಲಿ ನೀವು ಮಕ್ಕಳಿಗೆ ತೋರಿಸುವುದೂ ಇದನ್ನೇ. ಇಂಥದೇ ಇನ್ನೂ ಕೆಲವು ಗುರುತುಗಳು ಆಮೇಲೆ ಸೇರಿಕೊಂಡವು. ಸೆಲ್ಯುಲೋಸ್ ನೇಯುವ ಪ್ರೋಟೀನ್‌ಗಳು ಕೋಶಪೊರೆಯಲ್ಲಿ ಆರರ ವರ್ತುಲವಾಗಿ ಕೂತಿರುವುದು ಅವುಗಳಲ್ಲೊಂದು. ಎಲ್ಲವೂ ಒಂದೇ ಕಡೆ ಬೆರಳು ಮಾಡಿದವು.

ಇಲ್ಲಿ ಫ್ರಿಚಿಯೆಲ್ಲ ಎಂಬ ಪಾಚಿಯ ವಿಷಯ ಹೇಳಲೇಬೇಕು. ಅದನ್ನು 1932ರಲ್ಲಿ ವಿವರಿಸಿದವರು ಭಾರತದ ಪಾಚಿತಜ್ಞ ಎಂ.ಓ.ಪಿ. ಅಯ್ಯಂಗಾರ್. ಇಂಗ್ಲೆಂಡಿನ ಎಫ್.ಇ. ಫ್ರಿಚ್ ಅವರ ಹೆಸರನ್ನೇ ಅದಕ್ಕೆ ಇಟ್ಟರು. ಅದು ಒದ್ದೆ ಮಣ್ಣಿನಲ್ಲಿ ಬೆಳೆಯುತ್ತದೆ. ಒಂದು ಭಾಗ ಮಣ್ಣಿನಲ್ಲಿ ಹರಡುತ್ತದೆ, ಬೇರಿನಂಥ ಎಳೆ ಇಳಿಸುತ್ತದೆ. ಇನ್ನೊಂದು ಭಾಗ ಮೇಲಕ್ಕೆ ಏಳುತ್ತದೆ. ನೆಲದ ಗಿಡ ಹುಟ್ಟಿದ್ದು ಇಂಥ ದೇಹದಿಂದಲೇ ಇರಬೇಕು ಎಂದು ಎಷ್ಟೋ ವರ್ಷ ಪಾಠ ನಡೆಯಿತು. ನೋಡಿದರೆ ಹಾಗೆಯೇ ಅನಿಸುತ್ತದೆ, ತಪ್ಪೇನಿಲ್ಲ. ಆದರೆ ಕೋಶ ವಿಭಜನೆಯ ರೀತಿ, ಆಮೇಲೆ ಜೀನ್‌ಗಳು, ಎರಡೂ ಸೇರಿ ಅದನ್ನು ಕ್ಲೋರೋಫೈಟಗಳ ಕಡೆ ನಿಲ್ಲಿಸಿದವು. ಮಣ್ಣಿಗೆ ಬರುವ ದಾರಿಯನ್ನು ಅದು ತನ್ನ ಪಾಡಿಗೆ ತಾನು ಕಂಡುಕೊಂಡಿದೆ. ಇದರಿಂದ ಫ್ರಿಚಿಯೆಲ್ಲದ ಬೆಲೆ ಕಡಿಮೆಯಾಗಲಿಲ್ಲ. ನೆಲದ ಬದುಕು ಎರಡು ದೂರದ ಕವಲುಗಳನ್ನು ಒಂದೇ ಥರದ ದೇಹಕ್ಕೆ ತಂದು ನಿಲ್ಲಿಸಬಲ್ಲದು ಎಂಬುದಕ್ಕೆ ಇಷ್ಟು ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಈಗ ಕಾರಾಕ್ಕೆ ಬರೋಣ. ಸ್ಟ್ರೆಪ್ಟೋಫೈಟಗಳ ಒಳಗೆ ಯಾರು ಗಿಡಗಳಿಗೆ ಹತ್ತಿರ ಎಂದು ಕೇಳಿದಾಗ ಕಾರಾ ಮುಂದೆ ಬಂದದ್ದು ಸಹಜ. ಅದರಲ್ಲಿ ಫ್ರಾಗ್ಮೋಪ್ಲಾಸ್ಟ್ ಪೂರ್ತಿ ಇದೆ. ದೊಡ್ಡ ಅಂಡ ಇದೆ, ಅದನ್ನು ಸುತ್ತಿಕೊಂಡ ಸುರುಳಿ ಕೋಶಗಳಿವೆ. ಈಜುವ ಗಂಡು ಲಿಂಗಾಣು ಮಾಸ್‌ನ ಲಿಂಗಾಣುವನ್ನು ತುಂಬ ಹೋಲುತ್ತದೆ. 2001ರಲ್ಲಿ ನಾಲ್ಕು ಜೀನ್‌ಗಳನ್ನು ಹೋಲಿಸಿ ಮಾಡಿದ ಅಧ್ಯಯನವೊಂದು ಕಾರಾ ಗುಂಪನ್ನೇ ಗಿಡಗಳ ಪಕ್ಕ ಇಟ್ಟಿತು. ಪುಸ್ತಕಗಳಿಗೆ ಹೋದದ್ದು ಇದೇ. ಆವತ್ತಿನ ಮಟ್ಟಿಗೆ ಅದು ಒಳ್ಳೆಯ ಕೆಲಸ.

ಆದರೆ ನಾಲ್ಕು ಜೀನ್ ಈ ಪ್ರಶ್ನೆಗೆ ಸಾಲದು. ಕಾರಾ, ಕೊಲಿಯೋಕೀಟೆ, ಸ್ಪೈರೋಗೈರಾ ಮತ್ತು ಗಿಡಗಳ ಪೂರ್ವಜರು ಬೇರೆ ಬೇರೆಯಾಗಿ 50 ಕೋಟಿ ವರ್ಷಕ್ಕೂ ಹೆಚ್ಚಾಯಿತು. ಆ ಕವಲುಗಳು ಒಂದರ ಹಿಂದೆ ಒಂದು ಬೇಗ ಬೇಗ ಒಡೆದಿವೆ. ಆ ಸಣ್ಣ ಅವಧಿಯಲ್ಲಿ ಜೀನ್‌ಗಳಲ್ಲಿ ಬಿದ್ದ ಗುರುತು ಕಡಿಮೆ. ಆಮೇಲಿನ ಉದ್ದದ ಕಾಲದಲ್ಲಿ ಆ ಗುರುತಿನ ಮೇಲೇ ಮತ್ತೆ ಮತ್ತೆ ಬದಲಾವಣೆ ಬಿದ್ದಿದೆ. ಹಾಗಾಗಿ ಒಂದೊಂದು ಜೀನ್ ಒಂದೊಂದು ಕಥೆ ಹೇಳುತ್ತದೆ. ನೂರಾರು ಜೀನ್ ಒಟ್ಟಿಗೆ ಓದಿದಾಗ ಮಾತ್ರ ಹಳೆಯ ಗುರುತು ಮೇಲೆ ಬರುತ್ತದೆ. 2011ರ ಹೊತ್ತಿಗೆ ಸ್ಪೈರೋಗೈರಾದ ಗುಂಪು ಮುಂದೆ ಬರತೊಡಗಿತು. 2014ರಲ್ಲಿ 852 ಜೀನ್‌ಗಳವರೆಗೆ ಬಳಸಿದ ವಿಶ್ಲೇಷಣೆ ಅದನ್ನೇ ಹೇಳಿತು. 2019ರಲ್ಲಿ ಸಾವಿರಕ್ಕೂ ಹೆಚ್ಚು ಜಾತಿಗಳ ಜೀನ್ ಮಾಹಿತಿ ಸೇರಿಸಿ ಮಾಡಿದ ದೊಡ್ಡ ವಂಶವೃಕ್ಷದಲ್ಲೂ ಗಿಡಗಳ ಪಕ್ಕ ನಿಂತದ್ದು ಅದೇ ಗುಂಪು. ಅದರ ಹೆಸರು ಜೈಗ್ನೆಮಟೋಫೈಸಿ. ಸ್ಪೈರೋಗೈರಾ, ಜೈಗ್ನೆಮ, ಮೌಜೋಷಿಯ, ಅಂದವಾದ ಡೆಸ್ಮಿಡ್‌ಗಳು ಎಲ್ಲಾ ಇದರಲ್ಲಿವೆ. ನಾಲ್ಕು ಸಾವಿರಕ್ಕೂ ಜಾಸ್ತಿ ಜಾತಿಗಳ ದೊಡ್ಡ ಸಂಸಾರ ಅದು.

ನಿಮ್ಮ ನಿಜವಾದ ಕಷ್ಟ ಇರುವುದು ಮುಂದಿನ ಮಾತಿನಲ್ಲಿ ಅಲ್ವಾ? ಬರೀ ಎಳೆಯಂಥ ಪಾಚಿ ಗಿಡದ ಸಂಬಂಧಿ ಹೇಗೆ?

ಮೊದಲು ಒಂದು ವಿಷಯ ಸ್ಪಷ್ಟ ಇರಲಿ. ಸ್ಪೈರೋಗೈರಾದಿಂದ ಗಿಡ ಬಂತು ಎಂದು ಯಾರೂ ಹೇಳುತ್ತಿಲ್ಲ. ನಿಮ್ಮ ದೊಡ್ಡಪ್ಪನ ಮಗನಿಗೂ ನಿಮಗೂ ಅಜ್ಜ ಒಬ್ಬರೇ. ಹಾಗಂತ ಅವನು ನಿಮ್ಮ ಅಜ್ಜ ಅಲ್ಲ, ಅಜ್ಜನ ಹಾಗೇ ಇರಬೇಕು ಅಂತಲೂ ಇಲ್ಲ. ಸ್ಪೈರೋಗೈರಾ ಇಂದಿನ ಜೀವಿ. ಗಿಡಗಳಿಗೆ ಸಿಕ್ಕಷ್ಟೇ ಕಾಲ ಅದಕ್ಕೂ ಸಿಕ್ಕಿದೆ. ಆ ಕಾಲದಲ್ಲಿ ಅದು ತುಂಬ ಕಳೆದುಕೊಂಡಿದೆ.

ಕಳೆದುಕೊಂಡಿದೆ ಅಂತ ಹೇಗೆ ಗೊತ್ತು? ಕಶಾಂಗವನ್ನೇ, ಅಂದರೆ ಕೋಶ ಈಜಲು ಬಳಸುವ ಚಾಟಿಯಂಥ ಎಳೆಯನ್ನೇ ತೆಗೆದುಕೊಳ್ಳಿ. ಸ್ಪೈರೋಗೈರಾದ ಇಡೀ ಗುಂಪಿನಲ್ಲಿ ಈಜುವ ಕೋಶವೇ ಇಲ್ಲ. ಎರಡು ಎಳೆಗಳು ಪಕ್ಕಪಕ್ಕ ಬಂದು, ನಡುವೆ ಕೊಳವೆ ಬೆಳೆಸಿ, ಒಂದು ಕೋಶದ ಸಾರವೆಲ್ಲ ಇನ್ನೊಂದಕ್ಕೆ ಹರಿದುಹೋಗುತ್ತದೆ. ಆದರೆ ಕಾರಾದ ಗಂಡು ಲಿಂಗಾಣುವಿಗೆ ಕಶಾಂಗ ಇದೆ. ಮಾಸ್‌ಗೆ ಇದೆ, ಜರಿಗಿಡಕ್ಕೆ ಇದೆ. 1896ರಲ್ಲಿ ಜಪಾನಿನ ಸಾಕುಗೊರೊ ಹಿರಾಸೆ ಗಿಂಕ್ಗೊ ಮರದಲ್ಲೂ ಈಜುವ ಲಿಂಗಾಣು ಕಂಡರು. ಅಂದರೆ ಸ್ಪೈರೋಗೈರಾದ ಎರಡೂ ಪಕ್ಕದ ಸಂಬಂಧಿಗಳಲ್ಲಿ ಕಶಾಂಗ ಇದೆ, ನಡುವಿನ ಇದರಲ್ಲಿ ಮಾತ್ರ ಇಲ್ಲ. ಹಾಗಾದರೆ ಎಲ್ಲರ ಪೂರ್ವಜನಿಗೆ ಅದು ಇತ್ತು, ಇದು ಬಿಟ್ಟುಬಿಟ್ಟಿತು ಅನ್ನದೆ ಬೇರೆ ದಾರಿಯಿಲ್ಲ. ಹೂಬಿಡುವ ಗಿಡಗಳೂ ಕಶಾಂಗ ಬಿಟ್ಟಿವೆ, ಆದರೆ ಬೇರೆಯಾಗಿ, ಬಹಳ ಆಮೇಲೆ.

ಫ್ರಾಗ್ಮೋಪ್ಲಾಸ್ಟ್‌ನದು ಇನ್ನೂ ಚೆಂದ. ಸ್ಪೈರೋಗೈರಾದ ಕೋಶ ಒಡೆಯುವಾಗ ಗೋಡೆ ಹೊರಗಿನಿಂದ ಒಳಗೆ ಉಂಗುರದಂತೆ ಬೆಳೆಯುತ್ತಾ ಬರುತ್ತದೆ. ಇದು ಗಿಡದ ರೀತಿಯಲ್ಲ. ಆದರೆ ಕೊನೆಗೆ ನಡುವೆ ಒಂದು ಸಣ್ಣ ಕಿಂಡಿ ಉಳಿಯುತ್ತದಲ್ಲ, ಅದನ್ನು ಮುಚ್ಚಲು ಬರುವುದು ಒಂದು ಪುಟ್ಟ ಫ್ರಾಗ್ಮೋಪ್ಲಾಸ್ಟ್. ನಾಳಗಳು ಅಡ್ಡಡ್ಡ ನಿಂತಿರುತ್ತವೆ, ಚೀಲಗಳು ಬಂದು ಸೇರುತ್ತವೆ. ಇದು ಶುರುವಾಗುತ್ತಿರುವ ಅಂಗ ಎಂದು ಹಿಂದೆ ಓದುತ್ತಿದ್ದರು. ಈಗಿನ ವಂಶವೃಕ್ಷದ ಮೇಲೆ ಇಟ್ಟು ನೋಡಿದರೆ ಇದು ಸವೆದುಹೋಗುತ್ತಿರುವುದು, ಉಳಿದ ತುಣುಕು. ಕಾಣುವ ವಸ್ತು ಒಂದೇ, ಓದುವ ದಿಕ್ಕು ತಿರುಗಿತು. ಈ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಸಾಕ್ಷ್ಯ ಇದು.

ಕಾರಾದ ಕಡೆ ಉಲ್ಟಾ ಆಗಿದೆ. ಗೆಣ್ಣು, ಗೆಣ್ಣಿನಿಂದ ಸುತ್ತಲೂ ಹೊರಡುವ ಸಣ್ಣ ಗೆಲ್ಲು, ನಡುವೆ ಹಲವು ಸೆಂಟಿಮೀಟರ್ ಉದ್ದದ ಒಂದೇ ಕೋಶ, ಇದೆಲ್ಲಾ ಕಾರಾ ತಾನೇ ಕಟ್ಟಿಕೊಂಡ ದೇಹ. ಗಿಡದ ಕಾಂಡಕ್ಕೂ ಇದಕ್ಕೂ ಹೋಲಿಕೆ ಇದೆ, ಒಂದರಿಂದ ಒಂದು ಬಂದದ್ದಲ್ಲ. 2018ರಲ್ಲಿ ಕಾರಾ ಬ್ರೌನಿಯ ಪೂರ್ತಿ ಜೀನೋಮ್ ಹೊರಬಂತು. ಗಿಡಗಳ ಜೊತೆ ಹಂಚಿಕೊಂಡ ಜೀನ್‌ಗಳು ಅದರಲ್ಲಿ ಸಾಕಷ್ಟಿವೆ. ಕಾರಾ ಹತ್ತಿರದ್ದಲ್ಲ ಅಂತ ಯಾರೂ ತಿಳಿಯಬಾರದು. ಮೊದಲ ಸ್ಥಾನ ಅದರದಲ್ಲ, ಅಷ್ಟೇ.

ಹಾಗಾದರೆ ಗಿಡಕ್ಕೂ ಸ್ಪೈರೋಗೈರಾದ ಗುಂಪಿಗೂ ಮಾತ್ರ ಇರುವ, ಕಾರಾದಲ್ಲಿ ಇಲ್ಲದ ಸಂಗತಿ ಏನಾದರೂ ಇದೆಯಾ? ಇದೆ. 2019ರಲ್ಲಿ ಈ ಗುಂಪಿನ ಸ್ಪೈರೋಗ್ಲೋಯ ಮತ್ತು ಮೀಸೋಟೀನಿಯಮ್ ಎಂಬ ಎರಡು ಪಾಚಿಗಳ ಜೀನೋಮ್ ಓದಿದರು. ಗಿಡಗಳಲ್ಲಿ ಬೆಳವಣಿಗೆಗೆ, ಬರ ತಡೆಯುವುದಕ್ಕೆ ಬೇಕಾದ ಎರಡು ಜೀನ್ ಕುಟುಂಬಗಳು ಅಲ್ಲಿ ಸಿಕ್ಕವು. ಒಂದು ಗ್ರಾಸ್ (GRAS) ಎಂಬ ಹೆಸರಿನ ಜೀನ್ ಕುಟುಂಬ. ಇನ್ನೊಂದು ಅಬ್ಸಿಸಿಕ್ ಆಮ್ಲವನ್ನು ಹಿಡಿಯುವ ಗ್ರಾಹಕ ಪ್ರೋಟೀನಿನ ಕುಟುಂಬ. ಅಬ್ಸಿಸಿಕ್ ಆಮ್ಲ ಅಂದರೆ ನೀರು ಕಡಿಮೆಯಾದಾಗ ಎಲೆಯ ಪತ್ರರಂಧ್ರ ಮುಚ್ಚಿಸುವ ಹಾರ್ಮೋನ್. ಇವಕ್ಕೆ ಹೋಲುವ ಜೀನ್‌ಗಳು ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ ಇವೆ. ಗಿಡಗಳಿಗೂ ಈ ಪಾಚಿಗಳಿಗೂ ಸಮಾನನಾದ ಪೂರ್ವಜ ಅವನ್ನು ಬ್ಯಾಕ್ಟೀರಿಯಾದಿಂದ ಪಡೆದಿರಬೇಕು ಎಂದು ಆ ಸಂಶೋಧಕರು ವಾದಿಸಿದರು. ಇನ್ನೊಂದು ಸೊಗಸಾದ ವಿವರ ಇದೆ. ಪಾಚಿಯ ಗ್ರಾಹಕ ಇದ್ದರೂ ಅದು ಆ ಹಾರ್ಮೋನಿಗಾಗಿ ಕಾಯುವುದಿಲ್ಲ, ಹಾರ್ಮೋನ್ ಇಲ್ಲದೆಯೂ ಕೆಲಸ ಮಾಡುತ್ತದೆ. ಹಾರ್ಮೋನಿಗೆ ಓಗೊಡುವ ಗುಣ ನೆಲದ ಗಿಡಗಳ ಕವಲಿನಲ್ಲಿ ಆಮೇಲೆ ಸೇರಿತು.

ಈ ಪಾಚಿಗಳು ಬದುಕುವ ಜಾಗವನ್ನೂ ಗಮನಿಸಿ. ಕೊಳ ಮಾತ್ರ ಅಲ್ಲ. ಒದ್ದೆ ಬಂಡೆ, ಜವುಗು ನೆಲ, ಮಣ್ಣಿನ ಮೇಲ್ಪದರ, ಕೊನೆಗೆ ಹಿಮನದಿಯ ಬರಿ ಮಂಜುಗಡ್ಡೆಯ ಮೇಲೂ ಇವೆ. ಗ್ರೀನ್‌ಲ್ಯಾಂಡಿನ ಮಂಜುಗಡ್ಡೆಯನ್ನು ಕಪ್ಪಗೆ ಮಾಡುತ್ತಿರುವ ಆನ್ಸಿಲೋನೆಮ ಇದೇ ಗುಂಪಿನದು. ಸುಡುವ ಬಿಸಿಲಿನಿಂದ ಹಸಿರನ್ನು ಕಾಪಾಡಿಕೊಳ್ಳಲು ಅದು ಕೋಶದ ತುಂಬ ಕಡು ನೇರಳೆ ಬಣ್ಣ ತುಂಬಿಕೊಳ್ಳುತ್ತದೆ. ಗಿಡಗಳ ಪೂರ್ವಜರು ಸಮುದ್ರದಿಂದ ದಡಕ್ಕೆ ಹತ್ತಿ ಬಂದರು ಎಂಬ ಚಿತ್ರವನ್ನು ಬಿಡಬೇಕು ಎಂದು ನಾನು ಹೇಳುವುದು ಇದಕ್ಕೇ. ಸ್ಟ್ರೆಪ್ಟೋಫೈಟ ಪಾಚಿಗಳಲ್ಲಿ ಹೆಚ್ಚಿನವು ಸಿಹಿನೀರಿನವು ಇಲ್ಲವೇ ನೆಲದವು. ಒಣಗುವುದು, ಮತ್ತೆ ಒದ್ದೆಯಾಗುವುದು, ಬಿಸಿಲಿಗೆ ಬೇಯುವುದು, ಇವನ್ನೆಲ್ಲ ತಡೆಯುವ ಪಾಠ ಪಾಚಿಯಾಗಿದ್ದಾಗಲೇ ಆಗಿತ್ತು. ಪೂರ್ವಜ ಪಾಚಿ ಆಗಲೇ ಮಣ್ಣಿನ ಮೇಲೆ ಇತ್ತು ಎಂದು ವಾದಿಸುವವರಿದ್ದಾರೆ. ನನಗೂ ಆ ವಾದ ಒಪ್ಪಿಗೆ.

ಗಿಡಗಳಲ್ಲಿ ನಿಜಕ್ಕೂ ಹೊಸದಾಗಿ ಬಂದದ್ದು ಭ್ರೂಣ. ಸ್ಪೈರೋಗೈರಾ, ಕಾರಾ, ಕೊಲಿಯೋಕೀಟೆ ಇವುಗಳ ಬದುಕೆಲ್ಲ ಒಂದೇ ಸೆಟ್ ಕ್ರೋಮೋಸೋಮಿನದು. ಎರಡು ಸೆಟ್ ಇರುವುದು ಗಂಡು ಹೆಣ್ಣು ಕೋಶ ಕೂಡಿ ಆದ ಯುಗ್ಮಜದಲ್ಲಿ ಮಾತ್ರ. ಅದು ಮೊಳೆಯುವಾಗ ಮೊದಲು ಮಿಯಾಸಿಸ್ ಆಗಿ ಮತ್ತೆ ಒಂದು ಸೆಟ್‌ಗೆ ಬರುತ್ತದೆ. ಕೊಲಿಯೋಕೀಟೆಯಲ್ಲಿ ತಾಯಿಪಾಚಿ ಯುಗ್ಮಜವನ್ನು ತನ್ನ ಮೈಮೇಲೇ ಇಟ್ಟುಕೊಳ್ಳುತ್ತದೆ, ಸುತ್ತ ಕೋಶಗಳ ಹೊದಿಕೆ ಬೆಳೆಸುತ್ತದೆ. ಆಮೇಲೆ ಅದೊಂದರಿಂದ 8ರಿಂದ 32 ಈಜುವ ಕೋಶಗಳು ಹೊರಬರುತ್ತವೆ. ಗಿಡದ ಕವಲಿನಲ್ಲಿ ಆದ ಬದಲಾವಣೆ ಏನು? ಮಿಯಾಸಿಸ್ ಮುಂದಕ್ಕೆ ಹೋಯಿತು. ಯುಗ್ಮಜ ಮೊದಲು ಮಾಮೂಲಿ ವಿಭಜನೆಯಿಂದ ಬೆಳೆದು, ತಾಯಿಯಿಂದ ಆಹಾರ ಪಡೆದು, ಎರಡು ಸೆಟ್‌ನ ಒಂದು ದೇಹವೇ ಆಯಿತು. ಒಂದು ಯುಗ್ಮಜದಿಂದ ಸಿಗುವ ಬೀಜಕಗಳ ಲೆಕ್ಕ ಹತ್ತಾರರಿಂದ ಲಕ್ಷಗಳಿಗೆ ಏರಿತು. ನೀರು ಕಡಿಮೆ ಇರುವ ಕಡೆ ಗಂಡು ಹೆಣ್ಣು ಸೇರುವುದೇ ಅಪರೂಪ. ಸೇರಿದ ಒಂದು ಸಲದಿಂದ ಇಷ್ಟು ಲಾಭ ಸಿಕ್ಕರೆ ಅದು ದೊಡ್ಡ ವಿಷಯ. ಇದಕ್ಕೆ ಬೇಕಾದ ಸಾಮಾನೂ ಹಳೆಯದೇ. ಕ್ಲ್ಯಾಮಿಡೋಮೊನಾಸ್‌ನಲ್ಲಿ ಕೂಡುವ ಎರಡು ಬಗೆಯ ಕೋಶಗಳು ಒಂದೊಂದು ಪ್ರೋಟೀನ್ ತರುತ್ತವೆ. ಎರಡೂ ಜೊತೆಯಾದಾಗ ಯುಗ್ಮಜದ ಕೆಲಸ ಶುರುವಾಗುತ್ತದೆ. ಅದೇ ಎರಡು ಕುಟುಂಬಗಳ ಜೀನ್‌ಗಳು ಮಾಸ್‌ನಲ್ಲೂ ಎರಡು ಸೆಟ್‌ನ ದೇಹವನ್ನು ನಡೆಸುತ್ತವೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಲಿವರ್‌ವರ್ಟ್ ಮೊದಲು ಎಂಬುದಕ್ಕೆ ಒಂದು ಕಾಲದಲ್ಲಿ ಗಟ್ಟಿ ಆಧಾರ ಇತ್ತು. ಉಳಿದ ನೆಲದ ಗಿಡಗಳ ಮೈಟೋಕಾಂಡ್ರಿಯಾದಲ್ಲಿರುವ ಮೂರು ಇಂಟ್ರಾನ್‌ಗಳು (ಜೀನ್‌ನ ನಡುವೆ ಬರುವ, ಪ್ರೋಟೀನಿಗೆ ಬಳಕೆಯಾಗದ ತುಣುಕುಗಳು) ಲಿವರ್‌ವರ್ಟ್‌ಗಳಲ್ಲೂ ಪಾಚಿಗಳಲ್ಲೂ ಇಲ್ಲ ಎಂದು 1998ರಲ್ಲಿ ತೋರಿಸಿದರು. ಲಿವರ್‌ವರ್ಟ್‌ಗಳಿಗೆ ಪತ್ರರಂಧ್ರವೂ ಇಲ್ಲ. ಮಾರ್ಕಾಂಶಿಯ ಎಂಬ ಲಿವರ್‌ವರ್ಟ್‌ನ ಮೇಲೆ ಕಾಣುವ ರಂಧ್ರ ಬೇರೆ. ಅದು ಪೀಪಾಯಿಯಾಕಾರದ ಗೂಡು, ಅದಕ್ಕೆ ತೆರೆದು ಮುಚ್ಚುವ ಎರಡು ಕಾವಲು ಕೋಶಗಳಿಲ್ಲ. ಆದರೆ 2018ರಿಂದ ಈಚೆಗೆ ಬಂದ ದೊಡ್ಡ ವಿಶ್ಲೇಷಣೆಗಳು ಬೇರೆ ಚಿತ್ರ ಕೊಡುತ್ತವೆ. ಲಿವರ್‌ವರ್ಟ್ ಮತ್ತು ಮಾಸ್ ಒಂದು ಜೋಡಿ. ಆ ಜೋಡಿಯ ಪಕ್ಕ ಹಾರ್ನ್‌ವರ್ಟ್ ಎಂಬ ಇನ್ನೊಂದು ಪುಟ್ಟ ಗಿಡಗಳ ಗುಂಪು. ಮೂರೂ ಸೇರಿ ಬ್ರಯೋಫೈಟ್ ಎಂಬ ಒಂದೇ ಕವಲು. ನಾಳವಿರುವ ಗಿಡಗಳೆಲ್ಲ ಇನ್ನೊಂದು ಕವಲು. ಪತ್ರರಂಧ್ರ ಮೊದಲ ಗಿಡಗಳಲ್ಲೇ ಇತ್ತು, ಲಿವರ್‌ವರ್ಟ್‌ಗಳು ಅದನ್ನೂ, ಅದನ್ನು ಕಟ್ಟುವ ಕೆಲವು ಜೀನ್‌ಗಳನ್ನೂ ಕಳೆದುಕೊಂಡವು. ಮತ್ತೆ ಅದೇ ಕಥೆ ನೋಡಿ, ಸರಳವಾದದ್ದು ಹಳೆಯದಲ್ಲ. ಮಾಸ್‌ನಿಂದ ಜರಿಗಿಡ ಬಂದಿಲ್ಲ, ಎರಡೂ ಒಂದೇ ಪೂರ್ವಜನ ಎರಡು ಕವಲುಗಳು.

ಆ ಪೂರ್ವಜ ಹೇಗಿತ್ತು? ಸುಮಾರು 47 ಕೋಟಿ ವರ್ಷ ಹಿಂದಿನ ಪದರಗಳಲ್ಲಿ ನೆಲದ ಗಿಡಗಳದೆನ್ನುವ ಬೀಜಕಗಳು ಸಿಗುತ್ತವೆ, ದೇಹ ಸಿಗುವುದಿಲ್ಲ. ಕಣ್ಣಿಗೆ ಕಾಣುವ ದೇಹ ಸಿಗುವುದು ಸುಮಾರು 43 ಕೋಟಿ ವರ್ಷ ಹಿಂದಿನ ಕುಕ್ಸೋನಿಯ ಎಂಬ ಗಿಡದಿಂದ. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿ, 1912ರಲ್ಲಿ ವಿಲಿಯಂ ಮ್ಯಾಕಿ ಗುರುತಿಸಿದ ಕಲ್ಲಿನಲ್ಲಿ, ಸುಮಾರು 40.7 ಕೋಟಿ ವರ್ಷ ಹಿಂದಿನ ಗಿಡಗಳು ಕೋಶ ಕೋಶವೂ ಕಾಣುವ ಹಾಗೆ ಉಳಿದಿವೆ. ಅಲ್ಲಿನ ಅಗ್ಲಾಯೊಫೈಟಾನ್ ಎಂಬ ಗಿಡದ ಎರಡು ಸೆಟ್‌ನ ದೇಹ ಕವಲೊಡೆದು ಸ್ವಂತವಾಗಿ ನಿಂತಿದೆ. ಅದರ ಒಂದು ಸೆಟ್‌ನ ದೇಹವೂ ನೆಟ್ಟಗೆ ನಿಂತ ಬೇರೆಯೇ ಗಿಡ. ಮಾಸ್‌ನಂತೆ ಒಂದು ಇನ್ನೊಂದರ ಮೇಲೆ ಕೂತಿಲ್ಲ, ಜರಿಗಿಡದಂತೆ ಒಂದು ತೀರಾ ಪುಟ್ಟದಾಗಿಯೂ ಇಲ್ಲ. ಮಾಸ್ ದೇಹವೇ ಮೊದಲ ಮಾದರಿ ಎಂದು ಪಾಠ ಮಾಡುವುದಕ್ಕೆ ಈ ಕಲ್ಲು ಒಪ್ಪುವುದಿಲ್ಲ.

ತರಗತಿಗೆ ಒಂದು ಸಲಹೆ. ಮೆಟ್ಟಿಲು ಬರೆಯಬೇಡಿ, ಕವಲು ಬರೆಯಿರಿ. ಬುಡದಲ್ಲಿ ಕ್ಲೋರೋಫೈಟ ಬೇರೆಯಾಗಲಿ. ಸ್ಟ್ರೆಪ್ಟೋಫೈಟದ ಕೊಂಬೆಯಲ್ಲಿ ಮೀಸೋಸ್ಟಿಗ್ಮ ಮತ್ತು ಕ್ಲೋರೋಕೈಬಸ್, ಆಮೇಲೆ ಕ್ಲೆಬ್ಸಾರ್ಮಿಡಿಯಮ್, ಆಮೇಲೆ ಕಾರಾ, ಆಮೇಲೆ ಕೊಲಿಯೋಕೀಟೆ ಒಂದೊಂದಾಗಿ ಹೊರಡಲಿ. ತುದಿಯಲ್ಲಿ ಸ್ಪೈರೋಗೈರಾದ ಗುಂಪು ಒಂದು ಕಡೆ, ನೆಲದ ಗಿಡ ಒಂದು ಕಡೆ. ಕಶಾಂಗ, ಫ್ರಾಗ್ಮೋಪ್ಲಾಸ್ಟ್, ಭ್ರೂಣ, ಪತ್ರರಂಧ್ರ ಎಲ್ಲಿ ಬಂತು, ಎಲ್ಲಿ ಹೋಯಿತು ಎಂದು ಮಕ್ಕಳೇ ಕವಲಿನ ಮೇಲೆ ಗುರುತು ಹಾಕಲಿ. ಕಶಾಂಗದ ಗುರುತು ಹಾಕುವಾಗ ಅವರಲ್ಲಿ ಜಗಳ ಆಗುತ್ತದೆ, ಆಗಲಿ ಬಿಡಿ. ಕಾರಾ ಸಿಕ್ಕರೆ ಅದನ್ನೂ ಸೂಕ್ಷ್ಮದರ್ಶಕದಲ್ಲಿ ತೋರಿಸಿ. ಅದರ ಉದ್ದ ಕೋಶದೊಳಗೆ ಜೀವರಸ ಹರಿಯುವುದು ಸಾಮಾನ್ಯ ಸೂಕ್ಷ್ಮದರ್ಶಕದಲ್ಲೇ ಚೆನ್ನಾಗಿ ಕಾಣುತ್ತದೆ.